ಮೇಲಿನ ಕೀಲಿ

ಬ್ಯಾಂಕಿನಲ್ಲಿ ನಿಮ್ಮ ಕೆಲಸ ಏನು ಎಂದು ಯಾರಾದರೂ ಕೇಳಿದರೆ ಹೈಮಾವತಿ ಮೌಶಿ, "ಕೀಲಿ ಕಾಯೋದು" ಎನ್ನುತ್ತಾಳೆ. ಕೇಳಿದವರು ತಮಾಷೆ ಎಂದುಕೊಂಡು ನಗುತ್ತಾರೆ. ಅವಳು ಅಧಿಕಾರಿ. ಸಾಲದ ಅರ್ಜಿ ನೋಡುವುದು, ಸಹಿ ತಾಳೆ ಮಾಡುವುದು, ಪಿಂಚಣಿದಾರರ ದೂರು ಕೇಳುವುದು, ಇಂಥ ಕೆಲಸ ಬೇಕಾದಷ್ಟಿವೆ. ಆದರೆ ಅವನ್ನೆಲ್ಲ ಆ ದಿನ ಯಾರಿದ್ದಾರೋ ಅವರು ಮಾಡಬಹುದು, ಕೀಲಿಯನ್ನು ಮಾತ್ರ ಹೆಸರು ಬರೆದೇ ಕೊಡುತ್ತಾರೆ ಎಂಬುದು ಅವಳ ವಾದ.

ತಾಯಿಯ ತಂಗಿಯನ್ನು ಗದಗಿನ ಕಡೆ ಮೌಶಿ ಎನ್ನುತ್ತಾರೆ. ನನ್ನ ತಾಯಿ ಗಿರಿಜಾ ವಿಶಾಖಪಟ್ಟಣದ ತೆಲುಗು ಮನೆಗೆ ಮದುವೆಯಾಗಿ ಬಂದವಳು. ಮೌಶಿ ಬಂದದ್ದು ವರ್ಗದ ಮೇಲೆ. 1995ರಲ್ಲಿ ಗುಮಾಸ್ತೆಯಾಗಿ ಸೇರಿ, ಪರೀಕ್ಷೆ ಬರೆದು ಅಧಿಕಾರಿಯಾಗಿ, 2014ರ ಜೂನ್ ತಿಂಗಳಲ್ಲಿ ವಿಜಯವಾಡದ ಒನ್ ಟೌನ್ ಶಾಖೆಗೆ ಬಂದಳು. ಅವಳ ಗಂಡ ಅಶ್ವತ್ಥ ಕಾಕಾ ಗದಗಿನ ಮುದ್ರಣಾಲಯವೊಂದರಲ್ಲಿ ಕೆಲಸ ಮಾಡುತ್ತಿದ್ದರು. ಅದನ್ನು ಬಿಟ್ಟು ಹೆಂಡತಿಯ ಜೊತೆ ಬಂದು, ಒನ್ ಟೌನಿನಲ್ಲೇ ಮದುವೆ ಪತ್ರಿಕೆ ಮಾರುವ ಅಂಗಡಿಯೊಂದನ್ನು ಸೇರಿದರು. ವಧೂವರರ ಹೆಸರು ತಪ್ಪದಂತೆ ತಿದ್ದುವಷ್ಟು ತೆಲುಗು ಅಕ್ಷರ ಕಲಿಯಲು ಅವರಿಗೆ ಒಂದು ವರ್ಷ ಬೇಕಾಯಿತು. ಭವಾನಿಪುರಂನಲ್ಲಿ ಬಾಡಿಗೆ ಮನೆ, ಇಬ್ಬರೇ.

ಶಾಖೆ ಹಳೆಯ ಕಟ್ಟಡದಲ್ಲಿದೆ. ಸುತ್ತಲೂ ಬೇಳೆ, ಅರಿಶಿನ, ಸ್ಟೀಲ್ ಪಾತ್ರೆಗಳ ಸಗಟು ಅಂಗಡಿಗಳು. ಬೆಳಿಗ್ಗೆ ತಳ್ಳುಗಾಡಿಗಳ ನಡುವೆ ಓರೆಯಾಗಿ ನುಸುಳಿಕೊಂಡು ಒಳಗೆ ಹೋಗಬೇಕು. ಹಣ, ಒಡವೆ ಇಡುವ ಕೋಣೆಗೆ ಉಕ್ಕಿನ ಬಾಗಿಲು. ಅದಕ್ಕೆ ಎರಡು ಬೀಗ. ಕೆಳಗಿನದು ಸೊಂಟದ ಎತ್ತರದಲ್ಲಿದೆ, ಅದರ ಕೀಲಿ ಹೆಡ್ ಕ್ಯಾಷಿಯರ್ ಬಳಿ. ಮೇಲಿನದು ಹಣೆಯ ಎತ್ತರದಲ್ಲಿದೆ, ಅದರ ಕೀಲಿ ಅಧಿಕಾರಿಯ ಬಳಿ. ಎರಡೂ ತಿರುಗಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಸಂಜೆ ಇಬ್ಬರೂ ತಮ್ಮ ತಮ್ಮ ಕೀಲಿಯನ್ನು ಮನೆಗೆ ಒಯ್ಯುತ್ತಾರೆ. ಕೀಲಿ ತನ್ನ ಬಳಿ ಇದೆ ಎಂದು ದಿನವೂ ಕೀಲಿ ಪುಸ್ತಕದಲ್ಲಿ ಸಹಿ ಮಾಡುತ್ತಾರೆ. ರಜೆಗೆ ಹೋಗುವಾಗ ಇನ್ನೊಬ್ಬ ಅಧಿಕಾರಿಗೆ ಒಪ್ಪಿಸಿ ಹೋಗುತ್ತಾರೆ. ಎರಡು ಕೀಲಿಗಳು ಒಬ್ಬರ ಕೈಯಲ್ಲಿ ಒಂದು ನಿಮಿಷವೂ ಇರಬಾರದು. ಇದು ನಿಯಮ.

ಮೇಲಿನ ಬೀಗ ಮೊಂಡು. ಎಡಗೈಯಿಂದ ಬಾಗಿಲನ್ನು ಬೀಗದ ಪಕ್ಕದಲ್ಲೇ ಒತ್ತಿ ಹಿಡಿದು ಬಲಗೈಯಿಂದ ಕೀಲಿ ತಿರುಗಿಸಬೇಕು. ಅರ್ಧ ಸುತ್ತಿಗೆ ಒಳಗೆ ಏನೋ ಸಣ್ಣಗೆ ಅಡ್ಡ ಬರುತ್ತದೆ. ಅದು ಬೆರಳಿಗೆ ತಿಳಿದ ತಕ್ಷಣ ಕೈ ಸಡಿಲಿಸಿ, ಆಮೇಲೆ ಪೂರ್ತಿ ತಿರುಗಿಸಬೇಕು. ತಿಳಿಯದೆ ಬಲ ಹಾಕಿದರೆ ಕೀಲಿ ಕಚ್ಚಿಕೊಳ್ಳುತ್ತದೆ. ಮೌಶಿಗೆ ಅದು ಕೈಗೆ ಹತ್ತಿದ ಕೆಲಸ. ಸುತ್ತಲಿನ ವ್ಯಾಪಾರಿಗಳು ಅವಳನ್ನು "ತಾಳಾಲ ಮೇಡಂ" ಎಂದು ಕರೆಯುತ್ತಿದ್ದರು, ಕೀಲಿ ಮೇಡಂ ಎಂದು ಅರ್ಥ.

2016ರ ನವೆಂಬರಿನಲ್ಲಿ ಹಳೆಯ ನೋಟುಗಳು ರದ್ದಾದವು. ಬ್ಯಾಂಕಿನ ಮುಂದೆ ಜನ ಬೀದಿಯ ತುದಿಯವರೆಗೆ ಸಾಲು ನಿಂತರು. ಅದೇ ವಾರ ಸ್ನಾನ ಮಾಡುವಾಗ ಮೌಶಿಯ ಬಲ ಎದೆಯಲ್ಲಿ ಬಟಾಣಿಯಷ್ಟು ಗಂಟು ಕೈಗೆ ಸಿಕ್ಕಿತು. ಸಾಲು ಕರಗಲಿ, ಆಮೇಲೆ ನೋಡೋಣ ಎಂದುಕೊಂಡಳು. ಸಾಲು ಕರಗುವಾಗ ಫೆಬ್ರವರಿ ಬಂದಿತ್ತು, ಗಂಟು ನೆಲ್ಲಿಕಾಯಿಯಷ್ಟಾಗಿತ್ತು. ಈ ವಿಷಯವನ್ನು ಅವಳು ಯಾರಿಂದಲೂ ಮುಚ್ಚಿಡುವುದಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕೂತ ಹೆಂಗಸರಿಗೆಲ್ಲ ತೆಲುಗಿನಲ್ಲಿ ಹೇಳುತ್ತಿದ್ದಳು: ನಾನು ಮೂರು ತಿಂಗಳು ಮೂರ್ಖಳಾಗಿದ್ದೆ, ನೀವು ಮೂರು ದಿನವೂ ಆಗಬೇಡಿ.

ಚಿಕಿತ್ಸೆಗೆ ವಿಶಾಖಪಟ್ಟಣಕ್ಕೆ ಬಂದಳು. ನಮ್ಮ ಮನೆ ಋಷಿಕೊಂಡದ ದಾರಿಯಲ್ಲಿದೆ. ಅಪ್ಪ ಗುಡ್ಡದ ಮೇಲಿನ ಸಾಫ್ಟ್‌ವೇರ್ ಕಚೇರಿಗಳಿಗೆ ಜನರನ್ನು ಕರೆದೊಯ್ಯುವ ವ್ಯಾನ್ ಓಡಿಸುತ್ತಾರೆ. ಮಾರ್ಚ್ ತಿಂಗಳಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಎದೆಯ ಬಲಭಾಗವನ್ನೂ ಕಂಕುಳಿನ ಗಂಟುಗಳನ್ನೂ ತೆಗೆದರು. ಆಮೇಲೆ ಕಿಮೋ, ಆಮೇಲೆ ಇಪ್ಪತ್ತೈದು ದಿನ ರೇಡಿಯೇಷನ್. ಅಕ್ಟೋಬರಿನಲ್ಲಿ ಮುಗಿಯಿತು. ಅವಳು ವಾಂತಿ ಮಾಡಿಕೊಂಡದ್ದು, ಕೂದಲು ಹೋದದ್ದು, ಒಂದು ದಿನ ಸಾರಿನ ತಟ್ಟೆಯನ್ನು ಗೋಡೆಗೆ ಎಸೆದದ್ದು ಎಲ್ಲವನ್ನೂ ಬರೆಯಬಹುದು. ಬರೆದದ್ದನ್ನು ಓದಿ ಅವಳು, ಇದು ಎಲ್ಲರಿಗೂ ಆಗುವುದು, ಇದನ್ನು ಬಿಡು ಎಂದಳು. ಬಿಟ್ಟಿದ್ದೇನೆ.

ಎರಡು ತೊಂದರೆಗಳನ್ನು ಮಾತ್ರ ಬರೆಯಲೇಬೇಕು. ಒಂದು, ಔಷಧಿಯಿಂದ ಅವಳ ಬೆರಳ ತುದಿಗಳು ಮರಗಟ್ಟಿದವು. ಬ್ಲೌಸಿನ ಹುಕ್ಕು ಹಾಕಲು, ಬೇಳೆಯಲ್ಲಿ ಕಲ್ಲು ಆರಿಸಲು ಬೆರಳು ಇದ್ದೂ ಇಲ್ಲದಂತೆ. ಎರಡು, ಬಲಗೈ ಮೇಲೇಳುತ್ತಿರಲಿಲ್ಲ. ನರ್ಸ್ ಹೇಳಿಕೊಟ್ಟ ವ್ಯಾಯಾಮವನ್ನು ಮೌಶಿ ದಿನಕ್ಕೆ ನಾಲ್ಕು ಸಲ ಮಾಡುತ್ತಿದ್ದಳು. ಗೋಡೆಗೆ ಮುಖ ಮಾಡಿ ನಿಂತು, ಬೆರಳುಗಳನ್ನು ಜೇಡದಂತೆ ಗೋಡೆಯ ಮೇಲೆ ಹತ್ತಿಸಬೇಕು. ಎಲ್ಲಿಗೆ ನಿಲ್ಲುತ್ತದೋ ಅಲ್ಲಿ ಪೆನ್ಸಿಲ್ ಗೆರೆ. ಮೊದಲ ಗೆರೆ ನೆಲದಿಂದ 104 ಸೆಂಟಿಮೀಟರ್ ಎತ್ತರದಲ್ಲಿತ್ತು.

ಎಷ್ಟು ಎತ್ತರಕ್ಕೆ ಹೋಗಬೇಕು ಎಂದು ಅವಳಿಗೆ ಸರಿಯಾಗಿ ಗೊತ್ತಿತ್ತು. ಶಾಖೆಯಲ್ಲಿ ಕಸ ಗುಡಿಸುವ ಇಂದಿರಮ್ಮನಿಗೆ ಫೋನ್ ಮಾಡಿ, ಮೇಲಿನ ಬೀಗದ ತೂತಿನಿಂದ ನೆಲದವರೆಗೆ ದಾರ ಹಿಡಿದು ಕತ್ತರಿಸಿ ಕಾಕಾನ ಕೈಯಲ್ಲಿ ಕಳಿಸಲು ಹೇಳಿದಳು. ಇಂದಿರಮ್ಮ ಅರವತ್ತರ ಹತ್ತಿರದ ಹೆಂಗಸು, ಯಾಕೆ ಏನು ಎಂದು ಕೇಳುವವಳಲ್ಲ. ಹೂ ಕಟ್ಟುವ ದಾರವನ್ನೇ ಕಳಿಸಿದಳು. ಅದರ ಅಳತೆ 147 ಸೆಂಟಿಮೀಟರ್. ಮೌಶಿ ಅಲ್ಲಿ ಕೆಂಪು ಗೆರೆ ಎಳೆಸಿದಳು.

ಡಿಸೆಂಬರ್ ಮಧ್ಯದಲ್ಲಿ ಪೆನ್ಸಿಲ್ ಗೆರೆ 139ಕ್ಕೆ ಬಂದು ನಿಂತಿತು. ಹದಿನೈದು ದಿನ ಕಳೆದರೂ ಅದಕ್ಕಿಂತ ಮೇಲೆ ಹೋಗಲಿಲ್ಲ. ಎಂಟು ಸೆಂಟಿಮೀಟರ್ ಉಳಿಯಿತು. ವೈದ್ಯರು ಪತ್ರ ಬರೆದುಕೊಟ್ಟರು: ಕೆಲಸಕ್ಕೆ ಅರ್ಹರು, ಬಲಗೈಯಲ್ಲಿ ಐದು ಕಿಲೋಗಿಂತ ಹೆಚ್ಚು ಭಾರ ಎತ್ತಬಾರದು. ಕಾಕಾ ವಿಜಯವಾಡದಿಂದ ಬಂದರು. ಸ್ವಯಂ ನಿವೃತ್ತಿ ತಗೊಂಡರೆ ಬರುವ ಪಿಂಚಣಿ ಇಬ್ಬರಿಗೆ ಸಾಕು, ಗದಗಿಗೆ ಹೋಗಿಬಿಡೋಣ ಎಂದು ಮೆಲ್ಲಗೆ ಹೇಳಿದರು. ನನ್ನ ತಾಯಿಯೂ ಅದನ್ನೇ ಹೇಳಿದಳು. ಮೌಶಿ ಇಬ್ಬರ ಮಾತನ್ನೂ ಪೂರ್ತಿ ಕೇಳಿದಳು.

"ಡಾಕ್ಟರು ಅರ್ಹರು ಅಂತ ಬರದಾರ," ಎಂದಳು. "ನೀವಿಬ್ಬರು ಅವರಕಿಂತ ಹೆಚ್ಚ ಓದೀರೇನು?"

ಇಷ್ಟಾದರೂ ಅವಳ ಭಯ ಏನೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕೀಲಿ ಸಿಗದಿದ್ದರೆ ಅವಳನ್ನು ಒಂದು ಮೂಲೆಯ ಕುರ್ಚಿಯಲ್ಲಿ ಕೂರಿಸಿ, ಸಂಬಳ ಕೊಟ್ಟು, ಪಾಪ ಎನ್ನುತ್ತಾರೆ. ನಿವೃತ್ತಿಗೆ ಇನ್ನೂ ಹನ್ನೆರಡು ವರ್ಷವಿತ್ತು. ಹನ್ನೆರಡು ವರ್ಷ ಪಾಪ ಎನ್ನಿಸಿಕೊಳ್ಳುವುದು ಆ ಗಂಟಿಗಿಂತ ಕೆಟ್ಟದ್ದು ಎಂದು ಒಂದು ಬೆಳಿಗ್ಗೆ ಸಮುದ್ರದ ದಂಡೆಯಲ್ಲಿ ನಡೆಯುವಾಗ ಹೇಳಿದ್ದಳು.

2018ರ ಜನವರಿ ಎಂಟು, ಸೋಮವಾರ, ಅವಳು ಕೆಲಸಕ್ಕೆ ಮರಳಿದಳು. ಆಗ ಶಾಖೆಯ ಮ್ಯಾನೇಜರ್ ದಿನಕರ ಎಂಬವರು, ಮಂಗಳೂರಿನ ಕಡೆಯವರು. ಮೌಶಿ ರಜೆಯಲ್ಲಿದ್ದಾಗ ವರ್ಗವಾಗಿ ಬಂದಿದ್ದರು. ಅವಳನ್ನು ಅವರು ನೋಡಿದ್ದು ಅದೇ ಮೊದಲು. ಆದರೂ ಬಾಗಿಲಲ್ಲೇ ಹೂಗುಚ್ಛ ಕೊಟ್ಟರು. ಅವಳಿಗೆಂದು ಮೆತ್ತೆಯಿರುವ ಕುರ್ಚಿ ತರಿಸಿ, ಬಿಸಿಲು ಬೀಳದ ಕಡೆ ಹಾಕಿಸಿದ್ದರು. ಹೆಡ್ ಕ್ಯಾಷಿಯರ್ ಸೂರ್ಯಪ್ರಕಾಶ್ ದುರ್ಗಮ್ಮನ ಗುಡಿಯ ಕುಂಕುಮ ತಂದಿದ್ದರು. ಹತ್ತು ತಿಂಗಳು ಆಸ್ಪತ್ರೆಯ, ಮನೆಯ ಗೋಡೆ ನೋಡಿದ ಮೌಶಿಗೆ ಕಣ್ಣು ತುಂಬಿತು.

ಆಮೇಲೆ ದಿನಕರ ಅವರು ಕೀಲಿಯ ವಿಷಯ ಹೇಳಿದರು. ಮೇಲಿನ ಕೀಲಿ ಇಟ್ಟುಕೊಂಡಿದ್ದ ಅಧಿಕಾರಿಗೆ ಡಿಸೆಂಬರ್ ಮಧ್ಯದಲ್ಲಿ ವರ್ಗವಾಗಿತ್ತು. ಇನ್ನೊಬ್ಬ ಅಧಿಕಾರಿ ಬಂದಿರಲಿಲ್ಲ. ಹೈಮಾವತಿ ಹೇಗೂ ಬರುತ್ತಾರಲ್ಲ ಎಂದು ಅಲ್ಲಿಯವರೆಗೆ ಎರಡೂ ಕೀಲಿಗಳನ್ನು ಸೂರ್ಯಪ್ರಕಾಶರ ಬಳಿಯೇ ಬಿಟ್ಟಿದ್ದರು. ಈಗಲೂ ಹಾಗೇ ಇರಲಿ, ಆ ಬಾಗಿಲಿನ ಕಷ್ಟ ನಿಮಗೆ ಬೇಡ ಎಂದರು. ಪುಸ್ತಕದಲ್ಲಿ ಮೇಲಿನ ಕೀಲಿಗೆ ಯಾರದ್ದಾದರೂ ಸಹಿ ಬೇಕು, ಅದೊಂದು ಹಾಕಿದರೆ ಸಾಕು.

ಮೌಶಿ ಸಹಿ ಹಾಕಿದಳು. ಇಪ್ಪತ್ತೆರಡು ವರ್ಷದಲ್ಲಿ ಕೈಯಲ್ಲಿಲ್ಲದ ಕೀಲಿಗೆ ಅವಳು ಹಾಕಿದ ಮೊದಲ ಸಹಿ ಅದು. ಹೂವು ಕೊಟ್ಟವರಿಗೆ ಇಲ್ಲ ಎನ್ನಲು ಆ ಕ್ಷಣ ಅವಳಿಗೆ ಬಾಯಿ ಬರಲಿಲ್ಲ.

ಸಂಜೆ ಆರು ಗಂಟೆಗೆ ನಮ್ಮ ಮನೆಗೆ ಫೋನ್ ಬಂತು. ಮೊದಲ ದಿನ ಹೇಗಿತ್ತು ಎಂದು ಅಮ್ಮ ಕೇಳುವ ಮುಂಚೆಯೇ ಮೌಶಿ ಹೇಳಿದಳು: "ಅಕ್ಕಾ, ಇವತ್ತ ನಾ ಸುಳ್ಳು ಸಹಿ ಮಾಡಿ ಬಂದೀನಿ."

ಅಮ್ಮ ಸಮಾಧಾನ ಮಾಡಿದಳು. ಅವರು ಒಳ್ಳೆಯವರು, ನಿನ್ನ ಆರೋಗ್ಯಕ್ಕಾಗಿಯೇ ಹಾಗೆ ಮಾಡಿದ್ದಾರೆ ಎಂದಳು.

"ಒಳ್ಳೆಯವರಽ ಅದಾರ," ಎಂದಳು ಮೌಶಿ. "ಹೂವು ಕೊಟ್ರು. ಕುರ್ಚಿ ಕೊಟ್ರು. ಕೀಲಿ ಒಂದು ಕೊಡಲಿಲ್ಲ."

ಮರುದಿನ, ಮಂಗಳವಾರ, ನಡೆದದ್ದನ್ನು ನಾನು ಕಣ್ಣಾರೆ ನೋಡಿಲ್ಲ. ಮೌಶಿಯನ್ನೂ ಇಂದಿರಮ್ಮನನ್ನೂ ಬೇರೆ ಬೇರೆಯಾಗಿ ಕೇಳಿ ಬರೆದಿದ್ದೇನೆ. ಇಬ್ಬರ ಮಾತು ಹೊಂದದ ಕಡೆ ಹಾಗೆಂದು ಹೇಳುತ್ತೇನೆ.

ಮೌಶಿ ಒಂಬತ್ತೂವರೆಗೆ ಬಂದು, ಮೆತ್ತೆಯ ಕುರ್ಚಿಯಲ್ಲಿ ಕೂರದೆ ಮ್ಯಾನೇಜರರ ಮೇಜಿನ ಮುಂದೆ ನಿಂತಳು. ಮೇಲಿನ ಕೀಲಿ ಬೇಕು ಎಂದಳು. ದಿನಕರ ಅವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಕ್ಕರು.

"ನಿಮ್ಮ ಒಳ್ಳೆಯದಕ್ಕೇ ಹೇಳುವುದು ಮಾರಾಯ್ರೆ. ಆ ಬಾಗಿಲಿನ ಹತ್ರ ನಿಮಗೆ ಎಂತಾದ್ರೂ ಆದ್ರೆ ನಾನು ಉತ್ತರ ಕೊಡ್ಬೇಕು."

"ಮೂರು ವಾರ ಎರಡೂ ಕೀಲಿ ಒಬ್ಬರ ಹತ್ರ ಇದ್ವು. ಆಗ ಏನರ ಆಗಿದ್ದರ ಯಾರು ಉತ್ತರ ಕೊಡ್ತಿದ್ರಿ ಸರ್?"

ದಿನಕರ ಅವರು ಸೂರ್ಯಪ್ರಕಾಶರ ಕಡೆ ನೋಡಿದರು. ಅವರು ನಂಬಿಕಸ್ಥ ಮನುಷ್ಯ, ಮೂವತ್ತು ವರ್ಷದಿಂದ ಆ ಕೆಲಸದಲ್ಲಿದ್ದವರು. ಅವರ ಮೇಲೆ ಸಂಶಯ ಎಂದು ಮ್ಯಾನೇಜರ್ ಅಂದುಕೊಂಡಿರಬೇಕು. ಆದರೆ ಸೂರ್ಯಪ್ರಕಾಶ್ ಆಗಲೇ ಜೇಬಿನಿಂದ ಮೇಲಿನ ಕೀಲಿ ತೆಗೆದು ಮೇಜಿನ ಮೇಲಿಟ್ಟಿದ್ದರು. ಈ ಮೂರು ವಾರ ನನಗೆ ನಿದ್ದೆಯಿಲ್ಲ, ಒಂದು ಕೀಲಿಯನ್ನು ದೇವರ ಕೋಣೆಯಲ್ಲೂ ಇನ್ನೊಂದನ್ನು ಅಕ್ಕಿ ಡಬ್ಬದಲ್ಲೂ ಇಟ್ಟು, ರಾತ್ರಿಯೆಲ್ಲ ಎರಡರ ನಡುವೆ ಕಾವಲು ಕಾಯುತ್ತಿದ್ದೆ, ತಗೊಳ್ಳಿ ಮೇಡಂ ಗಾರು, ನಿಮಗೆ ಪುಣ್ಯ ಬರುತ್ತದೆ ಎಂದು ತೆಲುಗಿನಲ್ಲಿ ಹೇಳಿದರು.

ದಿನಕರ ಅವರು ವೈದ್ಯರ ಪತ್ರ ತೆಗೆದರು. ಭಾರ ಎತ್ತಬಾರದು ಎಂದು ಬರೆದಿದೆಯಲ್ಲ ಎಂದರು. ಮೌಶಿ ಕೀಲಿಯನ್ನು ಇಂದಿರಮ್ಮನ ಕೈಗೂ ಕೊಡದೆ ತಾನೇ ಒಯ್ದು, ಅಂಚೆಗೆ ಹಾಕುವ ಲಕೋಟೆ ತೂಗುವ ತಕ್ಕಡಿಯ ಮೇಲಿಟ್ಟಳು. ನೂರ ತೊಂಬತ್ತು ಗ್ರಾಂ. ತಕ್ಕಡಿಯ ಸಮೇತ ಎತ್ತಿ ತಂದು ಮ್ಯಾನೇಜರರಿಗೆ ತೋರಿಸಿದಳು. ತಕ್ಕಡಿಯನ್ನು ಎಡಗೈಯಲ್ಲಿ ಹಿಡಿದಿದ್ದಳು ಎಂಬುದನ್ನು ಇಂದಿರಮ್ಮ ಗಮನಿಸಿದ್ದಾಳೆ.

ಆಮೇಲೆ ಕೀಲಿ ಪುಸ್ತಕ ತೆಗೆದಳು. ಸೋಮವಾರದ ತನ್ನ ಸಹಿಯ ಮೇಲೆ ಒಂದು ಗೆರೆ ಎಳೆದಳು. ಪಕ್ಕದಲ್ಲಿ, ಈ ದಿನ ಕೀಲಿ ನನ್ನ ಬಳಿ ಇರಲಿಲ್ಲ, ತಪ್ಪಾಗಿ ಸಹಿ ಮಾಡಿದ್ದೇನೆ ಎಂದು ಇಂಗ್ಲಿಷಿನಲ್ಲಿ ಬರೆದು, ಕೆಳಗೆ ಹೆಸರು ಹಾಕಿದಳು.

ದಿನಕರ ಅವರ ಮುಖದ ಬಣ್ಣ ಹೋಯಿತು. "ಇದನ್ನು ಇನ್‌ಸ್ಪೆಕ್ಷನ್‌ನವರು ನೋಡ್ತಾರೆ. ಮಾರ್ಚ್‌ನಲ್ಲಿ ಉಂಟು. ನಿಮಗೂ ಮೆಮೊ ಬರ್ತದೆ, ಗೊತ್ತುಂಟಾ?"

"ಬರ್ಲಿ. ನನ್ನ ಹೆಸರಿನ ಮುಂದ ಬರದೀನಿ ಸರ್, ನಿಮ್ಮ ಹೆಸರಿನ ಮುಂದ ಅಲ್ಲ."

ಅಷ್ಟರಲ್ಲಿ ಹತ್ತು ಗಂಟೆ. ಸಂಕ್ರಾಂತಿಯ ವಾರ. ಹೊರಗಿನ ಹಾಲಿನಲ್ಲಿ ಮೂವತ್ತಕ್ಕೂ ಹೆಚ್ಚು ಜನ ಸೇರಿದ್ದರು. ಎಲ್ಲರಿಗಿಂತ ಮುಂದೆ ಸ್ಟೀಲ್ ಪಾತ್ರೆಗಳ ವ್ಯಾಪಾರಿ ರಾಮಚಂದ್ರ ನಿಂತಿದ್ದ. ದಿನವೂ ಬ್ಯಾಂಕಿನ ಮೊದಲ ವ್ಯವಹಾರ ತನ್ನದೇ ಆಗಬೇಕು ಎಂಬ ಹಟದವನು. ಆ ಬೋಣಿ ತಪ್ಪಿದರೆ ಅಂಗಡಿಯಲ್ಲಿ ದಿನವೆಲ್ಲ ಕೆಡುತ್ತದೆ ಎಂದು ನಂಬಿದವನು.

ಸೂರ್ಯಪ್ರಕಾಶ್ ಕೆಳಗಿನ ಬೀಗ ತಿರುಗಿಸಿ ಪಕ್ಕಕ್ಕೆ ಸರಿದರು. ಮೌಶಿ ಮೇಲಿನ ಬೀಗಕ್ಕೆ ಬಲಗೈ ಎತ್ತಿದಳು. ಕೈ ಬೀಗದ ತೂತಿನ ಕೆಳಗೇ ನಿಂತಿತು. ಇನ್ನೊಂದು ಸಲ ಎತ್ತಿದಳು. ಕಂಕುಳಿನಿಂದ ಮೊಣಕೈವರೆಗೆ ತಂತಿ ಎಳೆದಂತಾಯಿತು ಎಂದು ಹೇಳಿದ್ದಾಳೆ. ಎಡಗೈಯಲ್ಲಿ ಪ್ರಯತ್ನ ಮಾಡಿದಳು. ಕೀಲಿ ಒಳಗೆ ಹೋಯಿತು, ಆದರೆ ಬಾಗಿಲನ್ನು ಒತ್ತಿ ಹಿಡಿಯಲು ಬಲಗೈ ಅಷ್ಟು ಮೇಲೆ ಬರಬೇಕಲ್ಲ. ದಿನಕರ ಅವರು ನೆಲ ನೋಡುತ್ತಿದ್ದರು.

ಮೌಶಿ ಕೀಲಿ ಹೊರತೆಗೆದು, ದೇವರ ಪಟಗಳ ಧೂಳು ಹೊಡೆಯುವಾಗ ಹತ್ತುವ ಸ್ಟೂಲ್ ಎಲ್ಲಿದೆ ಎಂದು ಇಂದಿರಮ್ಮನನ್ನು ಕೇಳಿದಳು.

ಈಗ ಯೋಚಿಸಿದರೆ ಇದು ಎಷ್ಟು ಸಣ್ಣ ವಿಷಯ ಎನ್ನಿಸುತ್ತದೆ. ಹತ್ತು ತಿಂಗಳು ನಾವೆಲ್ಲ ಕೈಯನ್ನು ಬೀಗದವರೆಗೆ ಎತ್ತಿಸಲು ನೋಡಿದೆವು. ಕಾಲನ್ನು ಒಂದು ಗೇಣು ಎತ್ತಿದರೆ ಸಾಕು ಎಂದು ಯಾರಿಗೂ ಹೊಳೆಯಲಿಲ್ಲ. ಅವಳಿಗೂ ಹೊಳೆದದ್ದು ಆ ಬಾಗಿಲಿನ ಮುಂದೆಯೇ.

ಸ್ಟೂಲ್ ಬಂತು. ಅದರ ಒಂದು ಕಾಲು ಅಲುಗಾಡುತ್ತಿತ್ತು. ದಿನಕರ ಅವರು ಕೈ ಅಡ್ಡ ಹಿಡಿದರು.

"ಬೇಡ ಮಾರಾಯ್ರೆ. ಬಿದ್ರೆ ಎಂತ ಮಾಡುವುದು?"

"ಬಿದ್ದರ ಏಳ್ತೀನಿ. ಅದನ್ನ ಕಲಿಯಾಕಽ ಹತ್ತು ತಿಂಗಳು ರಜಾ ಹಾಕಿದ್ದೆ."

ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಹತ್ತಿದಳು. ಇಂದಿರಮ್ಮ ಸ್ಟೂಲಿನ ಕಾಲನ್ನು ಎರಡೂ ಕೈಯಿಂದ ಹಿಡಿದು ನೆಲದ ಮೇಲೆ ಕೂತಳು. ಈಗ ಬೀಗ ಮೌಶಿಯ ಭುಜದ ಸಮಕ್ಕಿತ್ತು. ಎಡಗೈ ಬಾಗಿಲಿನ ಮೇಲೆ, ಬಲಗೈ ಕೀಲಿಯ ಮೇಲೆ. ತಿರುಗಿಸಿದಳು. ಒಳಗಿನ ಆ ಸಣ್ಣ ತಡೆ ಬಂದದ್ದು ಮರಗಟ್ಟಿದ ಬೆರಳಿಗೆ ಗೊತ್ತಾಗಲೇ ಇಲ್ಲ. ಬಲ ಹಾಕಿದಳು, ಕೀಲಿ ಕಚ್ಚಿಕೊಂಡಿತು. ಅಲುಗಿಸಿ ಹಿಂದಕ್ಕೆ ತಂದು ಮತ್ತೆ ತಿರುಗಿಸಿದಳು, ಮತ್ತೆ ಕಚ್ಚಿಕೊಂಡಿತು. ಹೀಗೆ ನಾಲ್ಕು ಸಲ ಆಯಿತು ಎಂದು ಮೌಶಿ ಹೇಳುತ್ತಾಳೆ, ಏಳು ಎಂದು ಇಂದಿರಮ್ಮ.

ಸೂರ್ಯಪ್ರಕಾಶ್ ತಡೆಯಲಾರದೆ ಕೈ ಚಾಚಿದರು. ಮುಟ್ಟಬೇಡಿ ಎಂದು ಮೌಶಿ ತೆಲುಗಿನಲ್ಲಿ ಹೇಳಿದಳು. ಇವತ್ತೊಂದು ದಿನ ಅವರು ತೆರೆಯಲಿ, ನಾಳೆಯಿಂದ ನೀವೇ ಮಾಡುವಿರಂತೆ ಎಂದು ದಿನಕರ ಅವರು ಬೇಡಿಕೊಂಡರು.

"ಇವತ್ತ ಬಿಟ್ಟುಕೊಟ್ಟರ ನಾಳೆ ಅನ್ನೋದು ಬರಂಗಿಲ್ಲ ಸರ್," ಎಂದಳು ಅವಳು, ಬಾಗಿಲಿನಿಂದ ಕಣ್ಣು ತೆಗೆಯದೆ.

ಹಾಲಿನಲ್ಲಿ ಗದ್ದಲ ಏರುತ್ತಿತ್ತು. ಅದರಲ್ಲಿ ರಾಮಚಂದ್ರನ ದನಿ ಬೇರೆಯಾಗಿ ಕೇಳಿಸಿತು. ಬೋಣಿ ಹೊತ್ತಿಗೆ ರೋಗದವರನ್ನು ತಂದು ಬಾಗಿಲ ಮುಂದೆ ನಿಲ್ಲಿಸಿದರೆ ಆಗುವುದು ಇದೇ, ಆರೋಗ್ಯ ಇಲ್ಲದವರು ಮನೆಯಲ್ಲಿ ಇರಬೇಕು ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಕೆಲವರು ನಕ್ಕರು. ಮೌಶಿಗೂ ಕೇಳಿಸಿತು. ಅವಳು ತಲೆ ಬಗ್ಗಿಸಿ ಎಡಗಿವಿಯನ್ನು ಉಕ್ಕಿನ ಬಾಗಿಲಿಗೆ ಒತ್ತಿ ಹಿಡಿದಳು. ಬೆರಳಿಗೆ ಗೊತ್ತಾಗದ್ದು ಕಿವಿಗೆ ಗೊತ್ತಾಗಬಹುದು ಎಂದು. ಆದರೆ ಹಾಲಿನ ಸದ್ದಿನಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಇಂದಿರಮ್ಮನಿಗೆ, ಹೋಗಿ ಅವರನ್ನು ಸುಮ್ಮನಿರಿಸು ಎಂದಳು. ಸ್ಟೂಲ್ ಯಾರು ಹಿಡಿಯುತ್ತಾರೆ ಎಂದು ಇಂದಿರಮ್ಮ ಕೇಳಿದಳು. ಆಗ ದಿನಕರ ಅವರು ಪ್ಯಾಂಟನ್ನು ಮೇಲೆತ್ತಿಕೊಂಡು ನೆಲದ ಮೇಲೆ ಕೂತು ಸ್ಟೂಲ್ ಹಿಡಿದರು.

ಇಂದಿರಮ್ಮ ಹಾಲಿಗೆ ಹೋಗಿ ಏನು ಹೇಳಿದಳು ಎಂಬುದಕ್ಕೆ ಸಾಕ್ಷಿ ಅವಳೊಬ್ಬಳೇ. ಮೇಡಂ ಬೀಗದ ಒಳಗಿನ ಸದ್ದು ಕೇಳುತ್ತಿದ್ದಾರೆ, ನಿಮ್ಮ ಹಣ ಬೇಕಿದ್ದರೆ ಬಾಯಿ ಮುಚ್ಚಿ, ಬೇಡದಿದ್ದರೆ ಕೂಗಿ ಎಂದಳಂತೆ. ಗದ್ದಲ ನಿಂತಿತು. ಯಾರದೋ ಫೋನ್ ಬಡಿದುಕೊಂಡಿತು, ಅದನ್ನು ರಾಮಚಂದ್ರನೇ ಗದರಿಸಿ ನಿಲ್ಲಿಸಿದ.

ಮೌಶಿ ಕೀಲಿಯನ್ನು ಬಹಳ ನಿಧಾನವಾಗಿ ತಿರುಗಿಸಿದಳು. ಉಕ್ಕಿನ ಒಳಗೆ, ಹಲ್ಲಿಗೆ ಹಲ್ಲು ತಾಗಿದಷ್ಟು ಸಣ್ಣ ಸದ್ದು ಬಂತು. ಕೈ ಸಡಿಲಿಸಿದಳು. ಪೂರ್ತಿ ತಿರುಗಿಸಿದಳು. ಬೀಗ ಬಿಟ್ಟುಕೊಂಡಿತು. ಇಷ್ಟಕ್ಕೆ ಅರ್ಧ ಗಂಟೆಯಾಯಿತು ಎಂದು ಇಂದಿರಮ್ಮ ಹೇಳುತ್ತಾಳೆ. ಪುಸ್ತಕದಲ್ಲಿ ಬಾಗಿಲು ತೆರೆದ ಸಮಯ ಹತ್ತು ಹದಿನೇಳು ಎಂದಿದೆ. ಬರೆದದ್ದು ಮೌಶಿ. ತಡವಾದದ್ದಕ್ಕೆ ಕಾರಣ ಎಂಬ ಕಡೆ, ನನ್ನ ಕೈ ಎಂದು ಎರಡೇ ಪದ ಬರೆದಳು.

ಆಮೇಲೆ ಹಾಲಿಗೆ ಬಂದಳು. ಒಂದು ಅಂಗುಲ ಬೆಳೆದ ಕೂದಲು ಬೆವರಿಗೆ ಅಂಟಿಕೊಂಡಿತ್ತು. ರಾಮಚಂದ್ರ ನಾಳೆಯೂ ಹೀಗೆಯೇ ತಡವೋ ಎಂದು ಕೇಳಿದ. ನಾಳೆಯೂ ನಾನೇ, ನಾಡಿದ್ದೂ ನಾನೇ, ನನ್ನ ಮುಖ ನೋಡಿ ಬೋಣಿ ಕೆಡುವುದಾದರೆ ಮುಂದಿನ ಬೀದಿಯಲ್ಲಿ ಮೂರು ಬ್ಯಾಂಕುಗಳಿವೆ ಎಂದು ಮೌಶಿ ಹೇಳಿದಳು. ಅವನು ಎಲ್ಲಿಗೂ ಹೋಗಲಿಲ್ಲ. ಮರುದಿನ ಬಾಗಿಲು ಹತ್ತು ಗಂಟೆಗೇ ತೆರೆದಿತ್ತು, ಯಾಕೆಂದರೆ ಮೌಶಿ ಒಂಬತ್ತು ಗಂಟೆಗೇ ಬಂದು, ಜೊತೆಗೆ ಸೂರ್ಯಪ್ರಕಾಶರನ್ನೂ ಕರೆಸಿ ನಿಂತಿದ್ದಳು. ರಾಮಚಂದ್ರ ಮೊದಲಿಗನಾಗಿ ಬಂದು ಹಣ ಕಟ್ಟಿ ಹೋದ. ಕ್ಷಮೆ ಕೇಳಲಿಲ್ಲ. ಕೇಳಿದನೆಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಕೇಳಲಿಲ್ಲ.

ದಿನಕರ ಅವರು ಆ ವಾರ ಇನ್ನೊಂದು ಪ್ರಯತ್ನ ಮಾಡಿದರು. ಬಾಗಿಲು ತಡವಾದರೆ, ಬಿದ್ದು ಪೆಟ್ಟಾದರೆ ನಾನೇ ಹೊಣೆ ಎಂದು ಒಂದು ಪತ್ರ ಬರೆದುಕೊಡಿ ಎಂದು ಕೇಳಿದರು. ಮೌಶಿ ಬರೆದು ತಂದಳು. ಅದರ ಜೊತೆ ಇನ್ನೊಂದು ಹಾಳೆಯನ್ನೂ ತಂದಳು, ಮೂರು ವಾರ ಎರಡೂ ಕೀಲಿಗಳು ಒಬ್ಬರ ಬಳಿ ಇದ್ದದ್ದಕ್ಕೆ ತಾನು ಹೊಣೆ ಎಂದು ಮ್ಯಾನೇಜರರು ಸಹಿ ಮಾಡುವಂಥದ್ದು. ಎರಡನ್ನೂ ಒಟ್ಟಿಗೆ ಫೈಲಿಗೆ ಹಾಕೋಣ ಎಂದಳು. ಅವರು ಎರಡನ್ನೂ ಹರಿದು ಬುಟ್ಟಿಗೆ ಹಾಕಿದರು. ಅಲುಗಾಡುವ ಸ್ಟೂಲಿನ ಬದಲು ಅಗಲವಾದ ಮರದ ಮೆಟ್ಟಿಲು ಮಾಡಿಸಿಕೊಟ್ಟವರು ಅವರೇ ಎಂಬುದನ್ನೂ ಹೇಳಬೇಕು.

ಬೆರಳಿನ ಮರಗಟ್ಟುವಿಕೆ ಈಗ ಅರ್ಧ ಹೋಗಿದೆ. ಕೈ ಮಾತ್ರ 143ರಲ್ಲಿ ನಿಂತಿದೆ, ಇನ್ನು ಹೆಚ್ಚು ಏರಲಿಕ್ಕಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಕೆಲವು ಸಂಜೆ ಕೈ ಊದಿಕೊಳ್ಳುತ್ತದೆ. ಆರು ತಿಂಗಳಿಗೊಮ್ಮೆ ಪರೀಕ್ಷೆಗೆ ವಿಶಾಖಪಟ್ಟಣಕ್ಕೆ ಬರುತ್ತಾಳೆ. ಬರುವ ಮುಂಚೆ ಕೀಲಿಯನ್ನು ಇನ್ನೊಬ್ಬ ಅಧಿಕಾರಿಗೆ ಒಪ್ಪಿಸಿ, ಸಹಿ ಹಾಕಿಸಿಕೊಂಡು ಬರುತ್ತಾಳೆ. ವರದಿ ಬರುವವರೆಗೆ ಎರಡು ದಿನ ಯಾರ ಜೊತೆಯೂ ಸರಿಯಾಗಿ ಮಾತಾಡುವುದಿಲ್ಲ.

ಮೆಮೊ ಬಂದದ್ದು 2018ರ ಏಪ್ರಿಲ್‌ನಲ್ಲಿ. ಮಾರ್ಚ್ ತಿಂಗಳ ತಪಾಸಣೆಯವರು ಗೆರೆ ಎಳೆದ ಸಹಿಯನ್ನು ನೋಡಿದ್ದರು. ದಿನಕರ ಅವರಿಗೊಂದು, ಮೌಶಿಗೊಂದು ಬಂತು. ಕೀಲಿ ಕೈಯಲ್ಲಿಲ್ಲದೆ ಸಹಿ ಮಾಡಿದ್ದೇಕೆ ಎಂದು ಅದರಲ್ಲಿ ಕೇಳಿದ್ದರು. ಅದರ ಮೇಲೆ ಅವಳ ಹೆಸರಿನ ಕೆಳಗೆ, ಮೇಲಿನ ಬೀಗದ ಕೀಲಿಯ ಹೊಣೆ ಹೊತ್ತ ಅಧಿಕಾರಿ ಎಂದು ಟೈಪ್ ಮಾಡಿತ್ತು. ಆ ಸಾಲನ್ನು ಮೌಶಿ ನನ್ನ ತಾಯಿಗೆ ಫೋನಿನಲ್ಲಿ ಎರಡು ಸಲ ಓದಿ ಹೇಳಿದಳು.

ಆ ಸಂಜೆ ಅಶ್ವತ್ಥ ಕಾಕಾ ಅಂಗಡಿ ಮುಗಿಸಿ, ಎಂದಿನಂತೆ ಆಟೊ ನಿಲ್ಲುವ ಕಡೆ ಅವಳಿಗಾಗಿ ಕಾಯುತ್ತಿದ್ದರು. ಮೆಮೊ ಓದಿದರು. ಅಕ್ಷರ ತಪ್ಪು ಹುಡುಕುವವರಂತೆ ಎರಡನೇ ಸಲವೂ ಓದಿದರು. ಇಪ್ಪತ್ತೆರಡು ವರ್ಷ ಒಂದು ಕಪ್ಪು ಚುಕ್ಕೆ ಇರಲಿಲ್ಲ, ಆ ದಿನ ಸುಮ್ಮನಿದ್ದಿದ್ದರೆ ಆಗುತ್ತಿತ್ತಲ್ಲ ಎಂದರು. ಅವಳ ಕೈ ಊದಿರುವುದು ಕಣ್ಣಿಗೆ ಬಿತ್ತು. ಚೀಲ ಕೊಡು, ನಾನು ಹಿಡಿಯುತ್ತೇನೆ ಎಂದು ಕೈ ಚಾಚಿದರು.

ಮೌಶಿ ಚೀಲದಿಂದ ಊಟದ ಡಬ್ಬಿ ತೆಗೆದು ಅವರಿಗೆ ಕೊಟ್ಟಳು. ಛತ್ರಿ ಕೊಟ್ಟಳು. ಚೀಲವನ್ನು ಎಡ ಹೆಗಲಿಗೆ ಏರಿಸಿಕೊಂಡಳು.

"ಮೆಮೊ ನೀವು ಹಿಡೀರಿ," ಎಂದಳು. "ಕೀಲಿ ನಾ ಹಿಡೀತೀನಿ."

ಭವಾನಿಪುರಂಗೆ ಹೋಗುವ ಷೇರ್ ಆಟೊದಲ್ಲಿ ಒಂದೇ ಸೀಟು ಖಾಲಿ ಇತ್ತು. ಅದರಲ್ಲಿ ಅವಳು ಕೂತಳು. ಕಾಕಾ ಹಿಂದಿನ ಆಟೊದಲ್ಲಿ ಬಂದರು.